ಸಾವಿತ್ರಮ್ಮ ಕೇಳಿದ ಪ್ರಾರ್ಥನೆ

ಕೋವಿಡ್ ತಣ್ಣಗಾಗಿ ಜನ ಮಾಸ್ಕ್ ತೆಗೆದಿಟ್ಟು ಓಡಾಡತೊಡಗಿದ ವರ್ಷ ಅದು. ನಾನಾಗ ಮೂಡಿಗೆರೆಯ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ಹೋಮ್ ಕೇರ್ ನರ್ಸ್ ಆಗಿದ್ದೆ. ವಾರ್ಡಿನ ಕೆಲಸ ನನಗಿರಲಿಲ್ಲ. ಬೆಳಿಗ್ಗೆ ಔಷಧಿ ಪೆಟ್ಟಿಗೆ ಜೀಪಿಗೆ ಹಾಕಿಕೊಂಡು, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬರುವುದೇ ಕೆಲಸ. ಜೀಪು ಓಡಿಸುತ್ತಿದ್ದವರು ಇಸ್ಮಾಯಿಲ್. ಬಸ್ ಸ್ಟ್ಯಾಂಡ್ ಹತ್ತಿರ ಗ್ಯಾರೇಜು ಇಟ್ಟುಕೊಂಡಿದ್ದವರು, ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ನಮ್ಮ ಆಸ್ಪತ್ರೆಗೆ ಸೇರಿದ್ದರು. ಎಸ್ಟೇಟ್ ರಸ್ತೆಗಳ ಒಂದೊಂದು ಗುಂಡಿಯೂ ಅವರಿಗೆ ಗೊತ್ತಿತ್ತು.

ನಮ್ಮ ಕೆಲಸಕ್ಕೆ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ವಾಸಿಯಾಗದ ಕಾಯಿಲೆಯವರಿಗೆ ನೋವು ಕಡಿಮೆ ಮಾಡುವುದು, ಗಾಯ ತೊಳೆಯುವುದು, ನಿದ್ದೆ ಬರಿಸುವುದು, ಮನೆಯವರಿಗೆ ಧೈರ್ಯ ಹೇಳುವುದು. 'ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ' ಎಂದು ದೊಡ್ಡಾಸ್ಪತ್ರೆಯವರು ಹೇಳಿದ ಮೇಲೆ ನಮ್ಮ ಕೆಲಸ ಶುರುವಾಗುತ್ತಿತ್ತು.

ನಾನು ಕಳಸದ ಕಡೆಯವಳು. ಅಪ್ಪ ಅಲ್ಲೊಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಎಂದರೆ ಆಳುಗಳ ಹಾಜರಿ ನೋಡುವವರು. ಮನೆಮಾತು ಕೊಂಕಣಿ, ಮನೆತನ ಕ್ರೈಸ್ತರದ್ದು. ನಾನು ನರ್ಸ್ ಆದದ್ದೇ ನನ್ನ ನಂಬಿಕೆಯಿಂದ. ಆದರೆ ಆಸ್ಪತ್ರೆಯಲ್ಲಿ ನಮ್ಮ ಡಾಕ್ಟರಮ್ಮ ಒಂದು ನಿಯಮ ಇಟ್ಟಿದ್ದರು. ಕೆಲಸಕ್ಕೆ ಸೇರಿದ ದಿನವೇ ಕೂರಿಸಿಕೊಂಡು ಹೇಳಿದ್ದರು: "ಸ್ಟೆಲ್ಲಾ, ರೋಗಿ ತಾನಾಗಿ ಕೇಳದೆ ನಾವು ಧರ್ಮದ ಮಾತು ಎತ್ತೋದಿಲ್ಲ. ನೋವಿನಲ್ಲಿ ಇರೋರು ಏನು ಹೇಳಿದ್ರೂ ಹೂಂ ಅಂತಾರೆ. ಆ ಹೂಂ ನಮಗೆ ಬೇಡ." ನನಗೆ ಆ ಮಾತು ಸರಿ ಎನಿಸಿತ್ತು. ಹಾಗೆಂದು, ನಾನು ನಂಬಿದ್ದನ್ನು ಇತರರೂ ತಿಳಿಯಲಿ ಎಂಬ ಆಸೆ ನನ್ನಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳ್ಳೆಯದನ್ನು ಕಂಡವರಿಗೆ ಇನ್ನೊಬ್ಬರಿಗೆ ತೋರಿಸುವ ಆಸೆ ಇದ್ದೇ ಇರುತ್ತದೆ. ಹೇಗೆ ತೋರಿಸಬೇಕು ಎಂಬುದನ್ನು ನಾನು ಕಲಿತದ್ದು ಮಲ್ಲಂದೂರು ಕಡೆಯ ಒಂದು ಮನೆಯಲ್ಲಿ.

ಕಾಫಿ ಕುಯ್ಲು ಜೋರಾಗಿದ್ದ ಕಾಲದಲ್ಲಿ ಆ ಮನೆಯಿಂದ ಫೋನು ಬಂತು. ಹೋದಾಗ ಮನೆ ಮುಂದಿನ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಹರಡಿತ್ತು. ಒಬ್ಬ ಎತ್ತರದ ಹಿರಿಯರು ಅದನ್ನು ಮರದ ಹಲಗೆಯಿಂದ ಎಳೆದು ಎಳೆದು ಒಣಗಿಸುತ್ತಿದ್ದರು. ಅವರೇ ಮನೆಯ ಯಜಮಾನರಾದ ಮಂಜೇಗೌಡರು. ತಲೆ ಎತ್ತದೆ, "ಹಿಂದ್ಗಡೆ ರೂಮಲ್ಲಿದಾಳೆ, ಹೋಗಿ" ಎಂದರು. ಜೊತೆಗೆ ಬರಲಿಲ್ಲ.

ಹಿಂದಿನ ಕೋಣೆ ಎಂದರೆ ಒಣಗಿದ ಕಾಫಿ ಮೂಟೆಗಳನ್ನು ಇಡುವ ಗೋಡೌನಿನ ಪಕ್ಕದ್ದು. ಅಲ್ಲಿದ್ದವರು ಗೌಡರ ಹೆಂಡತಿ ಸಾವಿತ್ರಮ್ಮ. ಅರವತ್ತು ದಾಟಿದ ಹೆಂಗಸು. ಎದೆಯ ಕ್ಯಾನ್ಸರ್. ಗಂಟು ಕಂಡಾಗ ನಾಚಿಕೆಗೆ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದರು. ಅದು ಒಡೆದು ಹುಣ್ಣಾದ ಮೇಲೆ ಮನೆಯವರಿಗೆ ಗೊತ್ತಾದದ್ದು. ದೊಡ್ಡಾಸ್ಪತ್ರೆಯಲ್ಲಿ ತಡವಾಯಿತು ಎಂದು ವಾಪಸು ಕಳಿಸಿದ್ದರು.

ಇಂಥ ಹುಣ್ಣಿಗೆ ನಾವು ಫಂಗೇಟಿಂಗ್ ವೂಂಡ್ ಎನ್ನುತ್ತೇವೆ. ಗೆಡ್ಡೆ ಚರ್ಮವನ್ನು ಸೀಳಿಕೊಂಡು ಹೊರಗೆ ಬಂದು, ಅಣಬೆಯ ಹಾಗೆ ಅರಳಿಕೊಂಡು, ಕೀವು ಸೋರುತ್ತದೆ. ನೋವಿಗಿಂತ ಹೆಚ್ಚಾಗಿ ರೋಗಿಯನ್ನು ಕೊಲ್ಲುವುದು ಅದರ ವಾಸನೆ.

"ಇಲ್ಲಿ ಮಲಗ್ತೀನಿ ಅಂತ ನಾನೇ ಹೇಳಿದ್ದು ಸಿಸ್ಟರ್," ಎಂದರು ಸಾವಿತ್ರಮ್ಮ. "ಕಾಫಿ ಘಮಕ್ಕೆ ನನ್ನ ನಾತ ಅಷ್ಟು ಗೊತ್ತಾಗಲ್ಲ."

ಹಳೆಯ ಪಂಚೆ ಹರಿದು ಅವರೇ ಕಟ್ಟಿಕೊಳ್ಳುತ್ತಿದ್ದರು. ಅದು ಹುಣ್ಣಿಗೆ ಅಂಟಿ, ಬಿಚ್ಚುವಾಗ ರಕ್ತ ಬರುತ್ತಿತ್ತು. ಅಡುಗೆಗೆ ಬರುತ್ತಿದ್ದ ಕಮಲ ಎಂಬ ಹೆಂಗಸು ಊಟದ ತಟ್ಟೆಯನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ಗಂಡ ದಿನಕ್ಕೊಮ್ಮೆ ಬಾಗಿಲಿಗೆ ಬಂದು, 'ಏನಾದ್ರೂ ಬೇಕಾ' ಎಂದು ಕೇಳಿ ತಿರುಗಿಬಿಡುತ್ತಿದ್ದರು. ಮಕ್ಕಳಿರಲಿಲ್ಲ.

ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಬಟ್ಟೆಯನ್ನು ನೆನೆಸಿ ನೆನೆಸಿ ಬಿಡಿಸಿದೆ. ಹುಣ್ಣು ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಉದುರಿಸಿದೆ. ಅಗ್ಗದ ಮಾತ್ರೆ ಅದು. ವಾಸನೆ ಹುಟ್ಟಿಸುವ ಕೀಟಾಣುಗಳನ್ನು ಕೊಲ್ಲುತ್ತದೆ. ಮೇಲೆ ವ್ಯಾಸಲಿನ್ ಸವರಿದ ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿದೆ. ನೋವಿಗೆ ಡಾಕ್ಟರಮ್ಮ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ಅಲ್ಲಿಂದ ದಿನ ಬಿಟ್ಟು ದಿನ ಹೋಗಿ ಕಟ್ಟು ಬದಲಿಸತೊಡಗಿದೆ. ಮುಂದಿನ ವಾರ ಹೋದಾಗ ಸಾವಿತ್ರಮ್ಮ ಗೋಡೆಗೆ ಒರಗಿ ಕೂತು ತಲೆ ಬಾಚಿಕೊಳ್ಳುತ್ತಿದ್ದರು. "ನಿನ್ನೆ ಕಮಲ ಒಳಗೆ ಬಂದು ಕೂತ್ಕೊಂಡು ಎಲೆ ಅಡಿಕೆ ಹಾಕ್ಕೊಂಡ್ಲು ಸಿಸ್ಟರ್," ಎಂದು ಹಬ್ಬದ ಸುದ್ದಿಯ ಹಾಗೆ ಹೇಳಿದರು.

ನಾಲ್ಕಾರು ಭೇಟಿಗಳ ನಂತರ ಒಂದು ಬೆಳಿಗ್ಗೆ, ಗ್ಲೌಸ್ ಹಾಕಿಕೊಳ್ಳುತ್ತಿದ್ದ ನನ್ನನ್ನು ತಡೆದು ಕೇಳಿದರು.

"ನೀವು ಬಂದಾಗೆಲ್ಲ ಬಾಗಿಲಲ್ಲಿ ಒಂದ್ ಗಳಿಗೆ ಕಣ್ಣು ಮುಚ್ಕೊಂಡು ನಿಂತ್ಕೋತೀರಲ್ಲ. ಎಂತಕ್ಕೆ? ನಾತಕ್ಕಾ?"

"ಅಯ್ಯೋ ಇಲ್ಲಮ್ಮ. ಪ್ರಾರ್ಥನೆ ಮಾಡ್ಕೋತೀನಿ. ನನ್ನ ಕೈಯಿಂದ ನಿಮಗೆ ನೋವಾಗದೆ ಇರ್ಲಿ ಅಂತ."

"ಯಾರ ಹತ್ರ?"

"ಯೇಸುವಿನ ಹತ್ರ."

"ಅವ್ರಿಗೆ ಕನ್ನಡ ಬರುತ್ತಾ?"

ನನಗೆ ನಗು ತಡೆಯಲಾಗಲಿಲ್ಲ. "ಬರುತ್ತಮ್ಮ. ನಾನು ಕೊಂಕಣಿಯಲ್ಲಿ ಹೇಳ್ತೀನಿ ಅಷ್ಟೆ."

"ಹಂಗಾದ್ರೆ ನನ್ನ ವಿಷಯ ಕನ್ನಡದಲ್ಲೇ ಹೇಳಿ ಮಾರಾಯ್ರೆ. ನನ್ನ ಸುದ್ದಿ ನಾನೂ ಕೇಳಿಸ್ಕೋಬೇಕಲ್ಲ."

ಅವತ್ತು ಮೊದಲ ಸಲ ರೋಗಿಯ ಮುಂದೆ ಬಾಯಿಬಿಟ್ಟು ಪ್ರಾರ್ಥನೆ ಮಾಡಿದೆ. ದೊಡ್ಡ ಮಾತೇನೂ ಬರಲಿಲ್ಲ. ಸಾವಿತ್ರಮ್ಮನಿಗೆ ಇವತ್ತು ನೋವು ಕಡಿಮೆ ಇರಲಿ, ಊಟ ಸೇರಲಿ, ಒಂಟಿ ಅನಿಸದಿರಲಿ. ಇಷ್ಟೇ. ಕಣ್ಣು ಬಿಟ್ಟಾಗ ಅವರು ನನ್ನನ್ನೇ ನೋಡುತ್ತಿದ್ದರು. "ಒಂಟಿ ಅಂತ ನಿಮಗೆ ಯಾರು ಹೇಳಿದ್ರು?" ಎಂದರು. ನಾನು ಗ್ಲೌಸ್ ಹಾಕಿಕೊಂಡು ಕಟ್ಟು ಬಿಚ್ಚತೊಡಗಿದೆ.

ಆಸ್ಪತ್ರೆಗೆ ಬಂದು ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. "ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟಿದೀಯ. ಕೇಳಿದಷ್ಟಕ್ಕೇ ಕೊಡು," ಎಂದರು. ಗೌಡರಿಗೂ ತಿಳಿಸಿಬಿಡೋಣ ಎಂದು ನಾನು ಸಾವಿತ್ರಮ್ಮನಿಗೆ ಹೇಳಿದರೆ, "ಅವ್ರಿಗೆ ನಾನು ಹೇಳ್ತೀನಿ, ನೀವು ಸುಮ್ನಿರಿ" ಎಂದರು.

ಆಮೇಲಾಮೇಲೆ ಯೇಸು ಯಾರು, ಏನು ಮಾಡಿದರು ಎಂದು ಕೇಳತೊಡಗಿದರು. ಡ್ರೆಸ್ಸಿಂಗ್ ಮಾಡುತ್ತಾ ಒಂದೊಂದು ಪ್ರಸಂಗ ಹೇಳುತ್ತಿದ್ದೆ. ನಡುನಡುವೆ ಪ್ರಶ್ನೆ ಹಾಕುತ್ತಿದ್ದರು. ಮದುವೆ ಮನೆಯಲ್ಲಿ ನೀರು ದ್ರಾಕ್ಷಾರಸವಾದ ಪ್ರಸಂಗ ಹೇಳಿದರೆ, "ಅಷ್ಟು ಜನಕ್ಕೆ ಬಡಿಸಿದ್ದು ಯಾರು, ಅದನ್ನ ಹೇಳಲ್ಲ ನೀವು" ಎನ್ನುತ್ತಿದ್ದರು. ಕುಷ್ಠರೋಗಿಯೊಬ್ಬ ಬಂದ ಪ್ರಸಂಗ ಹೇಳಿದ ದಿನ ಮಾತ್ರ ಏನೂ ಕೇಳಲಿಲ್ಲ. ನಾನು ಹೊರಡುವವರೆಗೂ ಕಿಟಕಿಯ ಕಡೆ ನೋಡುತ್ತಾ ಮಲಗಿದ್ದರು.

ಸುದ್ದಿ ಹರಡಿದ್ದು ಕಮಲನಿಂದ. ಅವಳಲ್ಲಿ ಕೆಟ್ಟ ಮನಸ್ಸಿರಲಿಲ್ಲ. 'ನಮ್ಮಮ್ಮನಿಗೆ ಸಿಸ್ಟರ್ ಪ್ರಾರ್ಥನೆ ಮಾಡ್ತಾರೆ, ಚೂರು ಗೆಲುವಾಗಿದಾರೆ' ಎಂದು ಸಂತೋಷಕ್ಕೆ ಹೇಳಿದ್ದಳಂತೆ. ಅದು ಬಾಯಿಂದ ಬಾಯಿಗೆ ಹೋಗಿ ಬೇರೆಯೇ ಆಯಿತು. ಒಂದು ದಿನ ಜೀಪು ನಿಲ್ಲುವಷ್ಟರಲ್ಲಿ ಮಂಜೇಗೌಡರು ಕಣದಿಂದ ನೇರ ನಮ್ಮತ್ತ ಬಂದರು. ಜಗುಲಿಯಲ್ಲಿ ಊರಿನ ಮೂವರು ಕೂತಿದ್ದರು.

"ಏನ್ರೀ ಸಿಸ್ಟರ್, ಹಾಸಿಗೆ ಹಿಡಿದೋರನ್ನ ನೋಡಿ ಜಾತಿ ಕೆಡಿಸೋಕೆ ಬಂದಿದೀರಾ?"

ಇಸ್ಮಾಯಿಲ್ ಜೀಪಿನಿಂದ ಇಳಿದು ನನ್ನ ಪಕ್ಕದಲ್ಲಿ ನಿಂತರು. ನನಗೊಬ್ಬಳಿಗೆ ಬೈದರೆ ತಡೆದುಕೊಳ್ಳಬಹುದಿತ್ತು. ಇವರು ಒಂದು ದೂರು ಕೊಟ್ಟರೆ ಹೋಮ್ ಕೇರ್ ಜೀಪು ಈ ಕಡೆಯ ಯಾವ ಮನೆಗೂ ಬರಲಾಗುತ್ತಿರಲಿಲ್ಲ. ಆ ರಸ್ತೆಯಲ್ಲೇ ಮಾರ್ಫಿನ್ ಮಾತ್ರೆಗೆ ಕಾಯುವ ಬೇರೆ ರೋಗಿಗಳೂ ಇದ್ದರು.

"ಗೌಡ್ರೆ, ಅಮ್ಮ ಕೇಳಿದ್ರು, ನಾನು ಹೇಳಿದೆ," ಎಂದೆ. "ಅವ್ರನ್ನ ಏನೂ ಮಾಡೋಕೆ ಬಂದಿಲ್ಲ. ನೀವು ಬೇಡ ಅಂದ್ರೆ ನಾನಾಗಿ ಒಂದು ಮಾತೂ ಎತ್ತಲ್ಲ. ಆದ್ರೆ ನಾನು ಯಾರನ್ನ ನಂಬ್ತೀನಿ ಅಂತ ಅವ್ರು ಕೇಳಿದ್ರೆ ಸುಳ್ಳು ಹೇಳಲಾರೆ."

"ಹಂಗಾದ್ರೆ ನೀವು ಬರೋದೇ ಬೇಡ. ಚಿಕ್ಕಮಗಳೂರಿಂದ ಬೇರೆ ನರ್ಸ್ ಕರೆಸ್ತೀನಿ."

"ಕರೆಸಿ. ಅವ್ರು ಬರೋವರೆಗೆ ಡ್ರೆಸ್ಸಿಂಗ್ ನಿಲ್ಲಬಾರ್ದು. ನಿಂತ್ರೆ ಮತ್ತೆ ಮೊದಲಿನ ಹಾಗಾಗುತ್ತೆ. ಮನೇಲಿ ಯಾರಾದ್ರೂ ಕಲೀಬೇಕು."

"ಯಾರು ಕಲೀತಾರೆ?"

"ನೀವೇ ಕಲೀರಿ ಗೌಡ್ರೆ. ಇವತ್ತೊಂದಿನ ಹೇಳಿಕೊಟ್ಟು ಹೋಗ್ತೀನಿ."

ಜಗುಲಿಯ ಮೂವರೂ ಗೌಡರ ಮುಖ ನೋಡಿದರು. ಆಗುವುದಿಲ್ಲ ಎಂದರೆ ನಾನು ಬರುವುದು ಮುಂದುವರಿಯಬೇಕು. ನನ್ನನ್ನು ಕಳಿಸಬೇಕೆಂದರೆ ತಾವು ಒಳಗೆ ಬರಬೇಕು. "ನಡೀರಿ," ಎಂದು ಕಾಲು ತೊಳೆದುಕೊಂಡು ಬಂದರು. ಛಲಕ್ಕೇ ಬಂದರು ಎಂದು ನನಗೆ ಗೊತ್ತಿತ್ತು. ಅವರ ಕೈಗೆ ಗ್ಲೌಸ್ ಹಾಕಿಸಿದೆ. ಕಾಫಿ ಗಿಡದ ಜೊತೆ ಬೆಳೆದ ದೊಡ್ಡ ಕೈಗಳು. ಬೆರಳುಗಳು ಒಳಗೆ ಹೋಗಲು ಒದ್ದಾಡಿದವು.

ಗಂಡ ಒಳಗೆ ಬಂದದ್ದು ನೋಡಿ ಸಾವಿತ್ರಮ್ಮ ಸೆರಗು ಎಳೆದುಕೊಂಡರು. "ಇವ್ರು ಎಂತಕ್ಕೆ? ಬೇಡ, ಬೇಡ."

"ಸುಮ್ನಿರು. ನಾನೇ ಮಾಡೋದು ಇನ್ಮೇಲೆ," ಎಂದರು ಗೌಡರು. ಆದರೆ ಕಟ್ಟು ಬಿಚ್ಚಿದಾಗ ಅವರ ಕೈ ಗಾಳಿಯಲ್ಲೇ ನಿಂತಿತು. ಗಾಯವನ್ನು ಅವರು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಎದ್ದು ಹೋಗಿಬಿಡುತ್ತಾರೆ ಎಂದುಕೊಂಡೆ.

ಆಗ ಸಾವಿತ್ರಮ್ಮ ಮಾತಾಡಿದರು. ನಾನು ಏನೂ ಹೇಳಿಕೊಟ್ಟಿರಲಿಲ್ಲ.

"ರೀ, ಸಿಸ್ಟರ್ ನಂಗೆ ಎಂತ ಹೇಳಿದ್ರು ಅಂತ ಊರಿನೋರ ಹತ್ರ ಕೇಳೋ ಬದ್ಲು ನನ್ನ ಕೇಳಿ. ಒಬ್ಬ ಕುಷ್ಠದವನಿದ್ದನಂತೆ. ಮೈಯೆಲ್ಲ ಹುಣ್ಣು. ಊರಿನೋರು ದೂರ ಇಟ್ಟಿದ್ರು. ಅವ್ನು ಯೇಸು ಹತ್ರ ಬಂದು, ನಿಮಗೆ ಮನಸ್ಸಿದ್ರೆ ನಂಗೆ ವಾಸಿ ಮಾಡ್ಬೋದು ಅಂದ್ನಂತೆ. ಅವ್ರು ನಿಂತಲ್ಲೇ ಒಂದು ಮಾತು ಹೇಳಿದ್ರೂ ವಾಸಿಯಾಗ್ತಿತ್ತು. ಆದ್ರೆ ಅವ್ರು ಮೊದ್ಲು ಕೈ ಚಾಚಿ ಅವನನ್ನ ಮುಟ್ಟಿದ್ರಂತೆ. ವಾಸಿ ಮಾಡಿದ್ದು ಆಮೇಲೆ." ಉಸಿರು ತೆಗೆದುಕೊಂಡು ಮುಂದುವರಿಸಿದರು. "ನಂಗೆ ವಾಸಿಯಾಗಲ್ಲ ಅಂತ ಗೊತ್ತು ಕಣ್ರೀ. ನಾನೇನು ಹುಚ್ಚಿ ಅಲ್ಲ. ಆ ಮುಟ್ಟಿದ್ರು ಅನ್ನೋದಿದೆಯಲ್ಲ, ನಂಗೆ ಅಷ್ಟೇ ಸಾಕು ಅನ್ನಿಸ್ತು. ಇಷ್ಟೇ ಇವ್ರು ಹೇಳಿದ್ದು. ಇದ್ರಲ್ಲಿ ಕೆಡೋಕೆ ಎಂತ ಇದೆ?"

ಆ ಪ್ರಸಂಗವನ್ನು ನಾನು ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳುತ್ತ ಬಂದವಳು. ಯಾವ ಗುರುಗಳ ಬಾಯಲ್ಲೂ ಅದು ನನಗೆ ಹೀಗೆ ಕೇಳಿಸಿರಲಿಲ್ಲ. ಮಂಜೇಗೌಡರು ಹೆಂಡತಿಯ ಮುಖವನ್ನು ನೋಡಲಿಲ್ಲ. ಗಾಯವನ್ನೇ ನೋಡುತ್ತ ಹಾಸಿಗೆಯ ಹತ್ತಿರಕ್ಕೆ ಸರಿದರು.

"ಮೊದ್ಲು ಎಂತ ಮಾಡ್ಬೇಕು ಸಿಸ್ಟರ್?"

"ಉಪ್ಪುನೀರು ಹಾಕಿ. ಒರೆಸಬೇಡಿ, ಸುರೀರಿ ಸಾಕು."

ಅವರು ಸುರಿದರು. ಪುಡಿ ಉದುರಿಸಿದರು. ಗಾಜ್ ಇಡುವಾಗ ಒಂದು ಕೈಯಿಂದ ಹೆಂಡತಿಯ ಭುಜವನ್ನು ಹಿಡಿದುಕೊಳ್ಳಬೇಕಾಯಿತು. ಕಟ್ಟು ಕಟ್ಟಿ ಮುಗಿದ ಮೇಲೂ ಆ ಕೈ ಭುಜದಿಂದ ಏಳಲಿಲ್ಲ. ನಾನು ಪಾತ್ರೆ ತೊಳೆಯುವ ನೆವದಲ್ಲಿ ಹೊರಗೆ ಬಂದೆ. ಗೋಡೌನಿನ ಗೋಡೆಗೆ ಒರಗಿ ನಿಂತು ಅತ್ತೆ. ಒಳಗೆ ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಹೊರಡುವಾಗ ಗೌಡರು ಜೀಪಿನವರೆಗೆ ಬಂದರು. ಜಗುಲಿಯಲ್ಲಿದ್ದವರು ಅಷ್ಟರಲ್ಲಿ ಎದ್ದು ಹೋಗಿದ್ದರು. "ನಾನು ಕಲೀತೀನಿ," ಎಂದರು. "ನೀವೂ ಬನ್ನಿ. ಅವ್ಳು ಕೇಳಿದ್ರೆ ಹೇಳಿ. ಕೇಳ್ದೆ ಇದ್ರೆ ಬೇಡ."

"ಹಾಗೇ ಆಗ್ಲಿ ಗೌಡ್ರೆ."

ಜೀಪು ಗೇಟು ದಾಟಿದ ಮೇಲೆ ಇಸ್ಮಾಯಿಲ್, "ಸಿಸ್ಟರ್, ನಾನೂ ಅಲ್ಲಿ ನಿಂತು ದುವಾ ಮಾಡ್ತಾ ಇದ್ದೆ," ಎಂದರು. ಅವರಿಗೂ ನಾನು ಋಣಿ.

ಅಲ್ಲಿಂದ ಮುಂದೆ ದಿನದ ಡ್ರೆಸ್ಸಿಂಗ್ ಗೌಡರದ್ದೇ ಆಯಿತು. ನಾನು ವಾರಕ್ಕೊಮ್ಮೆ ಹೋಗಿ ಗಾಯ ನೋಡಿ, ಮಾತ್ರೆ ಸರಿಮಾಡಿ ಬರುತ್ತಿದ್ದೆ. ಸಾವಿತ್ರಮ್ಮನ ಹಾಸಿಗೆ ಹಿಂದಿನ ಕೋಣೆಯಿಂದ ನಡುಮನೆಗೆ ಬಂತು. ವೈದ್ಯಕೀಯವಾಗಿ ನೋಡಿದರೆ ಹುಣ್ಣು ಚಿಕ್ಕದಾಗಲಿಲ್ಲ, ಕಾಯಿಲೆ ಬೆಳೆಯುತ್ತಲೇ ಇತ್ತು. ಆದರೆ ಅವರಿಗೆ ಬೇಕಾಗುತ್ತಿದ್ದ ಮಾರ್ಫಿನ್ ಕೆಲವು ವಾರ ಏರಲೇ ಇಲ್ಲ. ನೋವು ಮೈಯದ್ದು ಮಾತ್ರ ಅಲ್ಲ ಎಂದು ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟದ್ದು ಆಗ ಅರ್ಥವಾಯಿತು.

ಮುಂಗಾರಿಗೆ ಮೊದಲಿನ ಗಾಳಿಮಳೆಯಲ್ಲಿ ಒಂದು ಮಧ್ಯಾಹ್ನ ಗೌಡರ ಫೋನು ಬಂತು. "ರಕ್ತ ನಿಲ್ತಾ ಇಲ್ಲ ಸಿಸ್ಟರ್." ಇಂಥ ಗಾಯಗಳಲ್ಲಿ ಒಳಗಿನ ರಕ್ತನಾಳ ಒಡೆಯುವ ಭಯ ಯಾವಾಗಲೂ ಇರುತ್ತದೆ. ನಾವು ಹೊರಟೆವು, ಆದರೆ ದಾರಿಯಲ್ಲಿ ಮರ ಬಿದ್ದು ರಸ್ತೆ ಬಂದಾಗಿತ್ತು. ಜೀಪಿನಲ್ಲೇ ಕೂತು ಫೋನಿನಲ್ಲಿ ಹೇಳುತ್ತ ಹೋದೆ. ಕಡುಬಣ್ಣದ ಟವೆಲ್ ತೆಗೆದುಕೊಳ್ಳಿ, ರಕ್ತ ನೋಡಿದರೆ ಅಮ್ಮ ಹೆದರುತ್ತಾರೆ. ಮಡಚಿ ಗಾಯದ ಮೇಲಿಟ್ಟು ಅಂಗೈಯಲ್ಲಿ ಒತ್ತಿ ಹಿಡಿಯಿರಿ. ನಡುವೆ ಎತ್ತಿ ನೋಡಬೇಡಿ. ಎತ್ತರದ ದಿಂಬು ಕೊಡಿ. ಅವರ ಜೊತೆ ಮಾತಾಡುತ್ತಿರಿ.

"ಎಂತ ಮಾತಾಡ್ಲಿ?"

"ಏನಾದ್ರೂ ಸರಿ. ನಿಮ್ಮ ದನಿ ಕೇಳಿದ್ರೆ ಸಾಕು."

ಫೋನಿನ ಆ ಕಡೆಯಿಂದ ಗೌಡರು ಈ ಸಲದ ಕಾಫಿ ಹೂವಿನ ಬಗ್ಗೆ ಹೆಂಡತಿಗೆ ಹೇಳುತ್ತಿರುವುದು ಕೇಳಿಸಿತು. ಯಾವ ಗುಡ್ಡದಲ್ಲಿ ಕಾಯಿ ಚೆನ್ನಾಗಿ ಕಚ್ಚಿದೆ, ಯಾವ ಕಡೆ ಮಳೆ ತಡವಾಯಿತು. ನಡುವೆ ದನಿ ಒಡೆಯಿತು. "ಸಿಸ್ಟರ್, ನೀವು ಬರೋಕಾಗಲ್ಲ ಅಂದ್ರೆ ನಿಮ್ಮ ಯೇಸುಗಾದ್ರೂ ಒಂದ್ ಮಾತು ಹೇಳಿ. ಜೋರಾಗಿ ಹೇಳಿ, ಅವ್ಳಿಗೆ ಕೇಳ್ಲಿ."

ಫೋನನ್ನು ಬಾಯಿ ಹತ್ತಿರ ಹಿಡಿದು ಕನ್ನಡದಲ್ಲಿ ಪ್ರಾರ್ಥಿಸಿದೆ. ಮರ ಕಡಿಯುತ್ತಿದ್ದವರ ಗರಗಸದ ಸದ್ದಿನಲ್ಲಿ ಎಷ್ಟು ಕೇಳಿಸಿತೋ ಏನೋ. ರಸ್ತೆ ಬಿಡಿಸಿಕೊಂಡು ನಾವು ತಲುಪುವಾಗ ರಕ್ತ ನಿಂತಿತ್ತು. ಗೌಡರ ಕೈ ಮಾತ್ರ ಟವೆಲಿನ ಮೇಲೆ ಹಾಗೇ ಇತ್ತು. ಸೆಟೆದುಕೊಂಡ ಬೆರಳುಗಳನ್ನು ನಾನೇ ಬಿಡಿಸಿದೆ.

ಆ ದಿನದ ನಂತರ ಸಾವಿತ್ರಮ್ಮ ಬೇಗ ಸೋತರು. ಹಣೆಗೆ ಕುಂಕುಮ ಇಡುವುದನ್ನು, ಮನೆದೇವರಿಗೆ ದೀಪ ಹಚ್ಚಿಸುವುದನ್ನು ಅವರು ಬಿಡಲಿಲ್ಲ. ಬಿಡಿ ಎಂದು ನಾನು ಹೇಳಲೂ ಇಲ್ಲ. ಒಮ್ಮೆ ಹೋದಾಗ, "ಇವತ್ತು ನೀವು ಇಲ್ದೇನೇ ಯೇಸು ಹತ್ರ ಮಾತಾಡ್ದೆ," ಎಂದು ಗುಟ್ಟು ಹೇಳುವ ಹಾಗೆ ಹೇಳಿದರು. ಇನ್ನೊಮ್ಮೆ ನನ್ನ ಕೈ ಹಿಡಿದು ಕೇಳಿದರು:

"ಅಲ್ಲಿಗೆ ಹೋದ್ರೆ ಅವ್ರಿಗೆ ನನ್ನ ಗುರುತು ಸಿಗುತ್ತಾ ಸಿಸ್ಟರ್? ನಾನು ಅವ್ರ ಕಡೆಯೋಳಲ್ಲ."

"ಸಿಗುತ್ತಮ್ಮ. ನೀವು ಅವ್ರನ್ನ ವಿಚಾರಿಸೋ ಮೊದ್ಲೇ ಅವ್ರು ನಿಮ್ಮನ್ನ ಗುರುತು ಹಿಡಿದಿದ್ರು ಅಂತ ನಾನು ನಂಬ್ತೀನಿ."

ಗೌಡರು ಕಾಲ ಬುಡದಲ್ಲಿ ಕೂತಿದ್ದರು. ಬೇಡ ಎನ್ನಲಿಲ್ಲ.

ಮಳೆ ಹಿಡಿದ ಮೇಲೆ, ಒಂದು ಬೆಳಿಗ್ಗೆ, ಗಂಡ ಕಟ್ಟು ಬದಲಿಸಿ ಕೂದಲು ಬಾಚುತ್ತಿರುವಾಗ ಸಾವಿತ್ರಮ್ಮ ಹೋದರು. ಅವರ ಪದ್ಧತಿಯಂತೆಯೇ ಎಲ್ಲ ಕಾರ್ಯಗಳಾದವು. ನಾನೂ ಇಸ್ಮಾಯಿಲರೂ ಡಾಕ್ಟರಮ್ಮನೂ ಹೋಗಿ ಜನರ ಜೊತೆ ನಿಂತೆವು. ಅಂದು ಜಗುಲಿಯಲ್ಲಿ ಕೂತಿದ್ದ ಮೂವರಲ್ಲಿ ಒಬ್ಬರು ನಮಗೆ ಕೊಡೆ ಹಿಡಿದರು.

ತಿಥಿಯೂ ಮುಗಿದು ಕೆಲವು ದಿನಗಳ ಮೇಲೆ ಮಂಜೇಗೌಡರು ಮೂಡಿಗೆರೆಗೆ ಬಂದರು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಒಪ್ಪಿಸಬೇಕಿತ್ತು. ಅವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಪ್ಪಿಸಿದ ಮೇಲೂ ಹೋಗದೆ ಬೆಂಚಿನ ಮೇಲೆ ಕೂತರು. ಕಾಫಿ ತರಿಸಿಕೊಟ್ಟೆ.

"ಸಿಸ್ಟರ್, ಒಂದು ಕೇಳ್ತೀನಿ. ಅವ್ಳು ಈಗ ಎಲ್ಲಿದಾಳೆ? ನಮ್ಮೋರು ಹೇಳೋದು ನಂಗೆ ಗೊತ್ತು. ನೀವು ನಂಬಿರೋದು ಎಂತ, ಅದನ್ನ ಹೇಳಿ."

ನಾನು ಪಕ್ಕದಲ್ಲಿ ಕೂತು ಹೇಳಿದೆ. ಯೇಸು ಸತ್ತದ್ದು, ಎದ್ದದ್ದು, ಸಾವಿನ ಆಚೆಗೂ ಒಂದು ಮನೆಯಿದೆ ಎಂದು ಹೇಳಿದ್ದು. ಗೆಳೆಯನ ಗೋರಿಯ ಮುಂದೆ ನಿಂತು ಅವರೂ ಅತ್ತದ್ದು. ನನಗೆ ತಿಳಿಯದ್ದನ್ನು ತಿಳಿಯದು ಎಂದೇ ಹೇಳಿದೆ. ಗೌಡರು ತಡೆಯದೆ ಕೇಳಿದರು. ಕಾಫಿ ಆರಿಹೋಯಿತು. ಕೊನೆಗೆ ಎದ್ದು, "ಅಳೋದು ತಪ್ಪಲ್ಲ ಅಂತಾಯ್ತು," ಎಂದು ಕಣ್ಣೊರೆಸಿಕೊಂಡು ಮಳೆಯಲ್ಲೇ ಬಸ್ ಸ್ಟ್ಯಾಂಡ್ ಕಡೆ ನಡೆದರು. ಅವರು ಏನು ನಂಬಿದರು, ಏನು ಬಿಟ್ಟರು ಎಂದು ನಾನು ಇವತ್ತಿಗೂ ಕೇಳಿಲ್ಲ. ಅದು ಅವರ ಮತ್ತು ದೇವರ ನಡುವಿನ ಮಾತು.

ಈಗ ನಾನು ನಿವೃತ್ತಳು. ನಮ್ಮ ಚರ್ಚಿನ ಹುಡುಗ ಹುಡುಗಿಯರು ಕೇಳುತ್ತಾರೆ, ನಮ್ಮ ನಂಬಿಕೆಯನ್ನು ಬೇರೆಯವರಿಗೆ ಹೇಗೆ ಹೇಳಬೇಕು ಎಂದು. ಮೊದಲು ಅವರ ಗಾಯ ಯಾವುದು ಎಂದು ತಿಳಿದುಕೊಳ್ಳಿ, ಅದನ್ನು ತೊಳೆಯಲು ಕೈಲಾದದ್ದು ಮಾಡಿ, ಅವರಾಗಿ ಕೇಳಿದಾಗ ಮುಚ್ಚಿಡದೆ ಹೇಳಿ, ಹೇಳಿದ ಮೇಲೆ ಅವರನ್ನು ಅವರ ಪಾಡಿಗೆ ಬಿಡಿ ಎನ್ನುತ್ತೇನೆ. ಅವರು ಕೇಳದೆಯೇ ಹೋದರೂ ತೊಳೆದ ಗಾಯ ತೊಳೆದದ್ದೇ; ಅದೇನೂ ವ್ಯರ್ಥವಲ್ಲ. ನನಗೆ ಇದನ್ನು ಕಲಿಸಿದ್ದು ಒಂದು ಗೌಡರ ಮನೆ. ನಾನು ಅಲ್ಲಿಗೆ ಏನೋ ಕೊಡಲು ಹೋದವಳು. ನನ್ನ ಯೇಸುವನ್ನು ಇನ್ನಷ್ಟು ಹತ್ತಿರದಿಂದ ನೋಡಿ ಬಂದೆ. ಆ ಇಬ್ಬರಿಗೂ ದಿನಾ ಕೃತಜ್ಞತೆ ಹೇಳುತ್ತೇನೆ, ಕನ್ನಡದಲ್ಲೇ.